ಓಡಿದ ಸಿನಿಮಾದ ಡಿಸ್ಕು

ಕನ್ನಡ ಸಿನಿಮಾದ ಡಿಸ್ಕ್ ಹಾಕಿದ ಕೂಡಲೇ ಎಲ್ಲರೂ ರಿಮೋಟ್ ಒತ್ತಿ ಹಾರಿಸುವುದು ಸೆನ್ಸಾರ್ ಸರ್ಟಿಫಿಕೇಟನ್ನು. ನಾನು ಅದನ್ನೇ ನಿಲ್ಲಿಸಿಕೊಂಡು ಓದುತ್ತಿದ್ದೆ. ಸಿನಿಮಾದ ಹೆಸರು, ಭಾಷೆ, ಯು ಅಥವಾ ಎ, ರೀಲು ಎಷ್ಟು, ಉದ್ದ ಎಷ್ಟು ಮೀಟರ್. ನನಗೆ ಬೇಕಾದದ್ದು ಆ ಮೀಟರ್ ಲೆಕ್ಕ. 35 ಎಂಎಂ ಫಿಲ್ಮು ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರ್ ಖರ್ಚಾಗುತ್ತದೆ. ಸರ್ಟಿಫಿಕೇಟಿನಲ್ಲಿ 4,400 ಮೀಟರ್ ಎಂದಿದ್ದರೆ ಸಿನಿಮಾ 160 ನಿಮಿಷ ಇರಲೇಬೇಕು. ಡಿಸ್ಕು 143 ನಿಮಿಷಕ್ಕೇ ‘ಶುಭಂ’ ಹೇಳಿದರೆ ಮಿಕ್ಕ 17 ನಿಮಿಷ ಎಲ್ಲಿ ಹೋಯಿತು ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ಅದಕ್ಕೆ ಪತ್ರಿಕೆಯವರು ದುಡ್ಡನ್ನೂ ಕೊಡುತ್ತಿದ್ದರು. ಡಿಸ್ಕಿನ ಬೆಲೆ ಕಳೆದರೆ ಕ್ಯಾಂಟೀನಿನ ಕಾಫಿ ತಿಂಡಿಗೆ ಸರಿಹೋಗುವಷ್ಟು.

2000ದ ಆಚೀಚಿನ ಮಾತು ಇದು. ಬೆಂಗಳೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೆ. ಶುಕ್ರವಾರ ಸಿನಿಮಾ ಪುರವಣಿ ಬರುತ್ತಿತ್ತು. ಹೊಸ ಸಿನಿಮಾದ ವಿಮರ್ಶೆ ಹಿರಿಯರ ಸೊತ್ತು. ಪ್ರೆಸ್ ಶೋ, ಪ್ರೆಸ್ ಮೀಟು, ಅಲ್ಲಿನ ಬಿಸಿಬಿಸಿ ಬೋಂಡ ಎಲ್ಲವೂ ಅವರ ಪಾಲಿಗೆ. ಅಷ್ಟರಲ್ಲಿ ಮೆಜೆಸ್ಟಿಕ್ಕಿನ ಕ್ಯಾಸೆಟ್ ಅಂಗಡಿಗಳಲ್ಲಿ ಆಡಿಯೋ ಕ್ಯಾಸೆಟ್ಟುಗಳನ್ನು ಪಕ್ಕಕ್ಕೆ ತಳ್ಳಿ ವಿಸಿಡಿಗಳು ರಾಶಿ ಬೀಳತೊಡಗಿದ್ದವು. ಪುರವಣಿ ನೋಡಿಕೊಳ್ಳುತ್ತಿದ್ದವರು ಒಂದು ಮಧ್ಯಾಹ್ನ ಕರೆದು ಕೇಳಿದರು.

“ವಾರಕ್ಕೊಂದು ಡಿಸ್ಕ್ ನೋಡಿ ಬರೀತೀಯೇನಮ್ಮಾ? ಕಥೆ ಬೇಡ. ಕಥೆ ಎಲ್ಲರಿಗೂ ಬಾಯಿಪಾಠ. ದುಡ್ಡು ಕೊಟ್ಟು ತಗೋಬಹುದಾ, ಬೇಡವಾ, ಅಷ್ಟು ಹೇಳು.”

ಆ ಮೂರು ಮಾತಿನಲ್ಲಿ ಅವರು ನನ್ನನ್ನು ದೊಡ್ಡ ತಲೆನೋವಿನಿಂದ ಪಾರು ಮಾಡಿದ್ದರು. ‘ಬಂಗಾರದ ಮನುಷ್ಯ’ ಚೆನ್ನಾಗಿದೆಯೋ ಇಲ್ಲವೋ ಹೇಳಲು ನಾನ್ಯಾರು? 1972ರಲ್ಲೇ ಕರ್ನಾಟಕ ಅದರ ತೀರ್ಪು ಕೊಟ್ಟು ಮುಗಿಸಿದೆ. ಆದರೆ ಅದೇ ಸಿನಿಮಾ ಎರಡು ಪ್ಲಾಸ್ಟಿಕ್ ತಟ್ಟೆಗಳ ಮೇಲೆ ಕೂತು ನಮ್ಮ ಮನೆಯ ಟೀವಿಗೆ ಬಂದಾಗ ಅದರಲ್ಲಿ ಎಷ್ಟು ಉಳಿದಿದೆ, ಬಣ್ಣ ಹೇಗಿದೆ, ಹಾಡು ಪೂರ್ತಿ ಇದೆಯಾ ಎಂಬುದನ್ನು ಯಾರೂ ಬರೆಯುತ್ತಿರಲಿಲ್ಲ. ಅಂಗಡಿಯವನಿಗೆ ಗೊತ್ತಿರಲಿಲ್ಲ, ಕವರಿನ ಮೇಲೆ ಇರುತ್ತಿರಲಿಲ್ಲ. ಕವರಿನ ಮೇಲೆ ಕೆಲವೊಮ್ಮೆ ಬೇರೆ ಸಿನಿಮಾದ ಫೋಟೋ ಇರುತ್ತಿತ್ತು.

ಮನೆಯಲ್ಲಿ ಟೀವಿ ಮುಂದೆ ನನ್ನ ಜೊತೆ ಕೂರುತ್ತಿದ್ದವರು ನಮ್ಮ ಅತ್ತೆ. ಮೈಸೂರಿನವರು. ಮದುವೆಗೆ ಮುಂಚೆ ಪ್ರಭಾ, ಒಲಿಂಪಿಯಾ, ಗಾಯತ್ರಿ ಥಿಯೇಟರುಗಳಲ್ಲಿ ಬಂದ ಕನ್ನಡ ಸಿನಿಮಾಗಳಲ್ಲಿ ಅವರು ನೋಡದೆ ಬಿಟ್ಟದ್ದು ಕಡಿಮೆ. ಮಧ್ಯಾಹ್ನದ ಮ್ಯಾಟಿನಿ, ಹೆಂಗಸರ ಕ್ಲಾಸು, ಸೆರಗಿನ ಗಂಟಿನಲ್ಲಿ ಚಿಲ್ಲರೆ. ಸರ್ಟಿಫಿಕೇಟಿನಿಂದ ನನಗೆ ನಿಮಿಷಗಳ ಲೆಕ್ಕ ಸಿಗುತ್ತಿತ್ತು, ಆ ನಿಮಿಷಗಳಲ್ಲಿ ಏನಿತ್ತು ಎಂಬುದು ಅತ್ತೆಯ ತಲೆಯಲ್ಲಿತ್ತು.

“ಇಲ್ಲಿ ನರಸಿಂಹರಾಜು ಬರಬೇಕು ಕಣೆ. ಇಷ್ಟು ಬೇಗ ಮದುವೆ ಮಾಡಿಬಿಟ್ರಾ?” ಎನ್ನುತ್ತಿದ್ದರು. ನಾನು ಡಿಸ್ಕಿನ ಸಮಯ ಬರೆದುಕೊಳ್ಳುತ್ತಿದ್ದೆ. ಕತ್ತರಿ ಎಲ್ಲಿ ಬಿದ್ದಿದೆ ಎಂದು ಹುಡುಕಲು ಅದಕ್ಕಿಂತ ಒಳ್ಳೆಯ ಉಪಕರಣ ಯಾವ ಸ್ಟುಡಿಯೋದಲ್ಲೂ ಇರಲಿಲ್ಲ.

ಕತ್ತರಿ ಬೀಳಲು ಕಾರಣವೂ ಸರಳ. ವಿಸಿಡಿಯ ಒಂದು ತಟ್ಟೆಯಲ್ಲಿ ಹಿಡಿಯುವುದು 74 ನಿಮಿಷ, ಜಗ್ಗಿ ತುಂಬಿದರೆ 80. ಆಗಿನ ನಮ್ಮ ಸಿನಿಮಾಗಳು ಸಾಮಾನ್ಯವಾಗಿ ಎರಡೂವರೆ ಗಂಟೆಗೆ ಕಡಿಮೆ ಇರುತ್ತಿರಲಿಲ್ಲ, ಹಳೆಯ ಪೌರಾಣಿಕಗಳು ಮೂರು ಗಂಟೆಯ ಹತ್ತಿರ ಹೋಗುತ್ತವೆ. ಅಂದರೆ ಮೂರನೇ ತಟ್ಟೆ ಬೇಕು. ಮೂರನೇ ತಟ್ಟೆ ಅಂದರೆ ಡಬ್ಬ ದಪ್ಪ, ಖರ್ಚು ಜಾಸ್ತಿ, ಅಂಗಡಿಯಲ್ಲಿ ಬೆಲೆ ಜಾಸ್ತಿ. ಹೀಗಾಗಿ ಎರಡರಲ್ಲೇ ಮುಗಿಸುವ ಹಟ. ಹಾಸ್ಯದ ಟ್ರ್ಯಾಕು ಮೊದಲ ಬಲಿ. ಆಮೇಲೆ ಹಾಡಿನ ಎರಡನೇ ಚರಣ. ಆಮೇಲೆ ತಂತ್ರಜ್ಞರ ಹೆಸರು ಬರುವ ಟೈಟಲ್ ಕಾರ್ಡು. ಫೈಟಿಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ಇಷ್ಟೆಲ್ಲ ಕತ್ತರಿಸಿದ ಮೇಲೂ ಮೊದಲ ತಟ್ಟೆ ಹಾಡಿನ ನಡುವೆಯೇ ಮುಗಿಯುತ್ತಿತ್ತು, ಎರಡನೆಯದನ್ನು ಹಾಕಲು ಯಾರು ಏಳಬೇಕು ಎಂಬ ಬಗ್ಗೆ ಪ್ರತಿ ಮನೆಯಲ್ಲೂ ಒಂದು ಒಪ್ಪಂದ ಇರುತ್ತಿತ್ತು.

ಇನ್ನು ಚಿತ್ರದ ಗುಣಮಟ್ಟ. ವಿಸಿಡಿಯ ಚಿತ್ರದಲ್ಲಿ 352 ಅಡ್ಡ, 288 ಉದ್ದ ಚುಕ್ಕಿಗಳು ಮಾತ್ರ. ಡಿವಿಡಿಯಲ್ಲಿ ಇದು 720ಕ್ಕೆ 576, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಹದಿನಾಲ್ಕು ಇಂಚಿನ ಟೀವಿಯಲ್ಲಿ ನೋಡಿದರೆ ವಿಸಿಡಿಯೇ ಸಾಕೆನಿಸುತ್ತಿತ್ತು. ಅದಕ್ಕೂ ಮುಂಚಿನ ವಿಡಿಯೋ ಕ್ಯಾಸೆಟ್ ಕಂಡವರಿಗೆ ಇದೇ ಸ್ವರ್ಗ. ಎಂಬತ್ತರ ದಶಕದಲ್ಲಿ ವಿಸಿಆರು, ಕಲರ್ ಟೀವಿ ಎರಡನ್ನೂ ರಾತ್ರಿ ಬಾಡಿಗೆಗೆ ತಂದು, ಬೀದಿಯವರೆಲ್ಲ ಚಂದಾ ಹಾಕಿ, ಬೆಳಗಾಗುವವರೆಗೆ ಮೂರು ಸಿನಿಮಾ ನೋಡಿದವರು ನಾವು. ಮೂರನೆಯದರ ಹೊತ್ತಿಗೆ ಎಚ್ಚರ ಇರುತ್ತಿದ್ದುದು ವಿಸಿಆರ್ ಅಂಗಡಿಯಿಂದ ಕಾವಲಿಗೆ ಬಂದ ಹುಡುಗ ಒಬ್ಬನೇ.

ಸಿನಿಮಾಸ್ಕೋಪಿನ ಗೋಳು ಬೇರೆ. ಕನ್ನಡದ ಮೊದಲ ಸಿನಿಮಾಸ್ಕೋಪ್ ಎನ್ನುವ ‘ಸೊಸೆ ತಂದ ಸೌಭಾಗ್ಯ’ 1977ರದು. ಅಗಲದ ಆ ಚೌಕಟ್ಟನ್ನು ಹಳೆಯ ಟೀವಿಯ ಚೌಕಕ್ಕೆ ತುಂಬಬೇಕಾದರೆ ಎರಡು ದಾರಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ತೋರಿಸುವುದು ಒಂದು, ಪರದೆ ತುಂಬುವಂತೆ ಮಾಡಿ ಎಡಬಲ ಕತ್ತರಿಸುವುದು ಇನ್ನೊಂದು. ಎರಡನೆಯದರಲ್ಲಿ ಚಿತ್ರದ ನೂರಕ್ಕೆ 43 ಭಾಗ ಹೊರಗೆ ಹೋಗುತ್ತದೆ. ಅಪ್ಪ ಎಡಕ್ಕೆ, ಮಗ ಬಲಕ್ಕೆ ನಿಂತು ಜಗಳವಾಡುವ ದೃಶ್ಯದಲ್ಲಿ ನಾವು ನಡುವಿನ ಹೂಕುಂಡ ನೋಡುತ್ತಿದ್ದೆವು. ಇಷ್ಟಾದರೂ ಓದುಗರಿಂದ ಬರುತ್ತಿದ್ದ ದೂರು ಕಪ್ಪು ಪಟ್ಟಿಯ ಮೇಲೆಯೇ. ‘ಅರ್ಧ ಟೀವಿಗೆ ಮಾತ್ರ ಪಿಕ್ಚರ್ ಬರುತ್ತೆ, ಮೋಸ’ ಎಂದು ಕಾರ್ಡು ಬರೆಯುತ್ತಿದ್ದರು. ಪಟ್ಟಿ ಇದ್ದರೆ ಚಿತ್ರ ಪೂರ್ತಿ ಇದೆ ಎಂದರ್ಥ ಅಂತ ನಾನು ಎಷ್ಟು ಸಲ ಬರೆದರೂ ಒಪ್ಪಿದವರು ಕಡಿಮೆ. ಪರದೆಗೆ ದುಡ್ಡು ಕೊಟ್ಟವರು ಪರದೆ ತುಂಬಲಿ ಎನ್ನುವುದು ಸಹಜವೇ ಅನ್ನಿ.

ಅಂಥ ಕಾರ್ಡುಗಳ ನಡುವೆ ಅರಸೀಕೆರೆ ಕಡೆಯಿಂದ ಒಂದು ಬಂತು. ಬರೆದವರು ಥಿಯೇಟರಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ನಾನು ಒಂದು ಎಪ್ಪತ್ತರ ದಶಕದ ಸಿನಿಮಾದ ಬಗ್ಗೆ, ‘ಹಾಡಿನ ಮೊದಲ ಸಾಲೇ ಮಾಯ’ ಎಂದು ಬರೆದಿದ್ದೆ. ಅದು ಡಿಸ್ಕಿನವರ ತಪ್ಪಲ್ಲ, ಪ್ರಿಂಟಿನದು, ಬೆಂಗಳೂರಿಗೆ ಬಂದಾಗ ತೋರಿಸಿಕೊಡುತ್ತೇನೆ ಎಂದು ಅವರ ಕಾರ್ಡಿನಲ್ಲಿತ್ತು. ಹೇಳಿದಂತೆ ಬಂದರು. ಬಿಳಿ ಪಂಚೆ, ಕೈಯಲ್ಲಿ ತೆಂಗಿನಕಾಯಿ ಇದ್ದ ಚೀಲ. ಮನೆಗೇ ಕರೆದುಕೊಂಡು ಹೋದೆ. ಅತ್ತೆ ಕಾಫಿ ಕೊಟ್ಟು ತಾವೂ ಕೂತರು.

“ಬಲಗಡೆ ಮೇಲಿನ ಮೂಲೆ ನೋಡ್ತಾ ಇರಿ ಅಮ್ಮಾ,” ಎಂದರು. ಸ್ವಲ್ಪ ಹೊತ್ತಿಗೆ ಅಲ್ಲೊಂದು ದುಂಡನೆಯ ಚುಕ್ಕಿ ಮಿಂಚಿ ಹೋಯಿತು. “ಇದು ಬಂದ್ರೆ ಎರಡನೇ ಮಿಷಿನ್ ಸ್ಟಾರ್ಟ್ ಮಾಡ್ಬೇಕು. ಈಗ ಇನ್ನೊಂದು ಬರುತ್ತೆ.” ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ ಬರಬೇಕಿತ್ತು. ಬರಲಿಲ್ಲ. ಚಿತ್ರ ಒಮ್ಮೆ ಕುಪ್ಪಳಿಸಿ ನೇರ ಹಾಡಿನ ನಡುವಿಗೆ ಬಿತ್ತು. “ನೋಡಿದ್ರಾ? ರೀಲಿನ ಬಾಲ ಹೋಗಿದೆ, ಮುಂದಿನ ರೀಲಿನ ತಲೆ ಹೋಗಿದೆ. ನಿಮ್ಮ ಹಾಡಿನ ಸಾಲು ಅಲ್ಲಿತ್ತು.”

ಆಮೇಲೆ ಅವರು ಬಿಡಿಸಿ ಹೇಳಿದ್ದು ಇಷ್ಟು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ. ರೀಲನ್ನು ಮಿಷಿನ್ನಿಗೆ ಹತ್ತಿಸುವಾಗ, ಇಳಿಸುವಾಗ, ಸುತ್ತುವಾಗ ಕೈ ತಾಗುವುದು, ನೆಲಕ್ಕೆ ಉಜ್ಜುವುದು ಎರಡು ತುದಿಗಳೇ. ಹರಿದರೆ ಹರಿದಷ್ಟು ಫ್ರೇಮು ತೆಗೆದು ಸಿಮೆಂಟ್ ಹಚ್ಚಿ ಅಂಟಿಸುತ್ತಾರೆ. ಹೊಸ ಪ್ರಿಂಟು ಮೊದಲು ಬಿಕೆಟಿಯ ದೊಡ್ಡ ಥಿಯೇಟರುಗಳಲ್ಲಿ ಓಡುತ್ತದೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದ ಆ ಏರಿಯಾ ಮುಗಿಸಿ, ತಾಲ್ಲೂಕು ಕೇಂದ್ರಕ್ಕೆ ಹೋಗಿ, ಅಲ್ಲಿಂದ ಹೋಬಳಿಗೆ, ಕೊನೆಗೆ ಟೂರಿಂಗ್ ಟಾಕೀಸಿನ ಟೆಂಟಿಗೆ. ದೂಳು, ಹಳೆ ಮಿಷಿನ್ನು, ಹೊಸ ಹುಡುಗರು. ಪ್ರಿಂಟಿನ ಮೇಲೆ ಗೀರು ಬಿದ್ದು ಬಿದ್ದು ಕೊನೆಗೆ ಪರದೆಯ ಮೇಲೆ ಮಳೆ ಸುರಿಯುತ್ತದೆ. ಅಷ್ಟೂ ಊರು ಸುತ್ತಿ ಗಾಂಧಿನಗರದ ವಿತರಕರ ಗೋಡೌನಿಗೆ ವಾಪಸಾದ ಪ್ರಿಂಟನ್ನೇ ಮುಂದೊಂದು ದಿನ ಟೇಪಿಗೆ ಇಳಿಸುತ್ತಾರೆ.

“ಓಡದ ಪಿಕ್ಚರ್ ಪ್ರಿಂಟು ಡಬ್ಬದಲ್ಲಿ ಗರಿಗರಿ ನೋಟಿನ ಹಂಗಿರುತ್ತೆ ಅಮ್ಮಾ. ಓಡಿದ್ದು ಸಂತೆ ಸುತ್ತಿದ ನೋಟು,” ಎಂದು ನಕ್ಕರು.

ನಾನು ನಗಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅದುವರೆಗೆ ಬರೆದಿಟ್ಟುಕೊಂಡಿದ್ದಕ್ಕೆಲ್ಲ ಒಂದೇ ಏಟಿಗೆ ಅರ್ಥ ಬಂದಿತ್ತು. ಯಾರೂ ಹೆಸರು ಕೇಳದ, ಎರಡನೇ ವಾರ ಕಾಣದ ಸಿನಿಮಾಗಳ ಡಿಸ್ಕು ಫಳಫಳ ಹೊಳೆಯುತ್ತಿತ್ತು. ನೂರು ದಿನ, ಇಪ್ಪತ್ತೈದು ವಾರ ಎಂದು ಷೀಲ್ಡ್ ಹಂಚಿದ ಸಿನಿಮಾಗಳ ಡಿಸ್ಕಿನಲ್ಲಿ ಮುಖ ಕಾಣಲು ಕಣ್ಣು ಕಿರಿದು ಮಾಡಬೇಕಿತ್ತು. ಜನ ಪ್ರೀತಿಸಿದಷ್ಟೂ ಸಿನಿಮಾ ಸವೆದಿತ್ತು. ಪ್ರಿಂಟು ಬಿಡಿ, ಹೆಚ್ಚು ಬೇಡಿಕೆ ಬಂದಷ್ಟೂ ಹೆಚ್ಚು ಪ್ರಿಂಟು ಹಾಕಿಸಬೇಕು, ಹಾಗಾಗಿ ಮದ್ರಾಸಿನ ಲ್ಯಾಬಿನಲ್ಲಿದ್ದ ಮೂಲ ನೆಗೆಟಿವ್ ಕೂಡ ಗೆದ್ದ ಸಿನಿಮಾದ್ದೇ ಮೊದಲು ನವೆಯುತ್ತದೆ. ಜನಪ್ರಿಯ ಸಿನಿಮಾಗಳ ಡಿಸ್ಕ್ ಬಗ್ಗೆ ವರ್ಷಗಟ್ಟಲೆ ಬರೆದವಳಿಗೆ ಹೇಳಲು ಒಂದೇ ವಿಷಯ ಇದ್ದರೆ ಅದು ಇದೇ.

ಇದರಲ್ಲಿ ನಮ್ಮ ಪಾಲೂ ಇದೆ. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಐದು ಪೈಸೆ, ಹತ್ತು ಪೈಸೆಗೆ ಫಿಲ್ಮ್ ತುಂಡು ಮಾರುತ್ತಿದ್ದರು. ಕೆಟ್ಟ ಬಲ್ಬಿನ ಬುಡ ಒಡೆದು, ಒಳಗೆ ನೀರು ತುಂಬಿ, ಬಿಸಿಲಿಗೆ ಕನ್ನಡಿ ಹಿಡಿದು, ಕತ್ತಲೆ ಕೋಣೆಯ ಗೋಡೆಗೆ ಅದನ್ನು ಬಿಡುತ್ತಿದ್ದೆವು. ರಾಜ್‌ಕುಮಾರ್ ಇದ್ದರೆ ಒಂದಕ್ಕೆ ಎರಡು ಬದಲಿ ಕೊಡಬೇಕು, ಖಳನಾಯಕನಾದರೆ ಒಂದಕ್ಕೊಂದು. ಆ ತುಂಡುಗಳು ಎಲ್ಲಿಂದ ಬರುತ್ತಿದ್ದವು ಎಂದು ಆಗ ಯಾರು ಕೇಳಿದ್ದರು? ಡಿಸ್ಕುಗಳಲ್ಲಿ ನಾನು ಹುಡುಕುತ್ತಿದ್ದ ಸೆಕೆಂಡುಗಳಲ್ಲಿ ಕೆಲವಾದರೂ ನಮ್ಮಣ್ಣನ ಜಾಮಿಟ್ರಿ ಬಾಕ್ಸಿನಲ್ಲಿದ್ದವು. ಆಪರೇಟರನ್ನು ಈ ಬಗ್ಗೆ ಕೇಳಿದೆ. ಅವರು ತೆಂಗಿನಕಾಯಿ ಚೀಲ ಅತ್ತೆಯ ಕೈಗೆ ಕೊಟ್ಟು ಬಸ್ಸಿನ ಹೊತ್ತಾಯಿತು ಎಂದು ಎದ್ದರು.

ಓಡಿದ ಸಿನಿಮಾದ ಡಿಸ್ಕು ಯಾಕೆ ಕೆಟ್ಟದಾಗಿರುತ್ತದೆ ಎಂದು ಬರೆದ ವಾರ ಗಾಂಧಿನಗರದ ಒಂದು ವಿಡಿಯೋ ಕಂಪನಿಯಿಂದ ಫೋನು ಬಂತು. ಜಗಳಕ್ಕೆ ಎಂದುಕೊಂಡೆ. ಬಂದು ನೋಡಿ ಬರೀರಿ ಎಂದರು ಯಜಮಾನರು. ಮಹಡಿಯ ಮೇಲೆ ಎರಡು ಕೋಣೆಯ ಆಫೀಸು, ಗೋಡೆ ತುಂಬ ಬೀಟಾಕ್ಯಾಮ್ ಟೇಪುಗಳು, ಅಣ್ಣಾವ್ರ ಫೋಟೋಗೆ ಸಂಪಿಗೆ ಹಾರ. 1994ರಲ್ಲಿ ಉದಯ ಟೀವಿ ಶುರುವಾದ ಮೇಲೆ ಹಳೆಯ ಸಿನಿಮಾಗಳಿಗೆ ಟೇಪಿನ ಬೇಡಿಕೆ ಹುಟ್ಟಿತು, ಆಗ ಸಿಕ್ಕಿದ ಪ್ರಿಂಟಿನಿಂದ ಮಾಡಿಸಿದ ಟೇಪೇ ಇಂದಿಗೂ ಮಾಸ್ಟರು ಎಂದರು. ಮತ್ತೆ ಮದ್ರಾಸಿಗೆ ಹೋಗಿ, ನೆಗೆಟಿವ್ ಹುಡುಕಿಸಿ, ಅದನ್ನು ತೊಳೆಸಿ ಟೆಲಿಸಿನಿ ಮಾಡಿಸಲು ಆಗುವ ಖರ್ಚು ಅವರಿಗೆ ಬಾಯಿಪಾಠ ಇತ್ತು. ಆ ಖರ್ಚು ಎಷ್ಟು ಡಿಸ್ಕು ಮಾರಿದರೆ ಹುಟ್ಟುತ್ತದೆ ಎಂಬುದೂ.

“ಜನ ಕೊಳ್ಳೋದು ಅಣ್ಣಾವ್ರ ಮುಖ, ಪಿಬಿಎಸ್ ಹಾಡು. ಮೂಲೆ ಚುಕ್ಕಿ ನೋಡೋರು ನೀವೊಬ್ರೇ ಮೇಡಂ,” ಎಂದು ಹೇಳಿ, ಹೊಸದಾಗಿ ಬಂದ ಒಂದಷ್ಟು ಡಿಸ್ಕು ಕೈಗಿಟ್ಟರು. ದುಡ್ಡು ಕೊಟ್ಟೇ ತಗೊಂಡೆ. ಅವರ ಮಾತಿನಲ್ಲಿ ವ್ಯಾಪಾರದ ದೃಷ್ಟಿಯಿಂದ ತಪ್ಪೇನೂ ಇರಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ.

ಬಣ್ಣದ ಕಥೆಯಂತೂ ಇನ್ನೂ ಕಷ್ಟದ್ದು. ಎಪ್ಪತ್ತರ ದಶಕದ ಕಲರ್ ಪ್ರಿಂಟುಗಳಲ್ಲಿ ಮೂರು ಬಣ್ಣದ ಪದರಗಳಿದ್ದರೂ ಮೂರೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಹಸಿರು ನೀಲಿಯ ಪದರ ಮೊದಲು ಹೋಗುತ್ತದೆ, ಉಳಿಯುವುದು ಕೆಂಪು. ಹೀಗಾಗಿ ಗದ್ದೆ ಕಂದು, ಆಕಾಶ ಗುಲಾಬಿ, ಎಲ್ಲರ ಮುಖವೂ ಈಗಷ್ಟೇ ಜಗಳವಾಡಿ ಬಂದಂತೆ. ಕಪ್ಪುಬಿಳುಪಿನವುಗಳಲ್ಲಿ ಇರುವುದು ಬೆಳ್ಳಿ, ಅದು ಇಷ್ಟು ಸುಲಭವಾಗಿ ಮಾಸುವುದಿಲ್ಲ. ನಾನು ‘ತಗೊಳ್ಳಿ’ ಎಂದು ಬರೆದ ಡಿಸ್ಕುಗಳಲ್ಲಿ ಕಪ್ಪುಬಿಳುಪಿನವೇ ಹೆಚ್ಚಿದ್ದುದು ಹಳೆಯದರ ಮೋಹದಿಂದಲ್ಲ. ಆದರೆ ಮಾರುಕಟ್ಟೆಗೆ ಬೇಕಾದದ್ದು ಬಣ್ಣ. ‘ಸತ್ಯ ಹರಿಶ್ಚಂದ್ರ’ 1965ರದು, 2008ರಲ್ಲಿ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿಸಿಕೊಂಡು ಥಿಯೇಟರಿಗೆ ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ. ಜನ ನುಗ್ಗಿ ನೋಡಿದರು, ನಾನೂ ಅತ್ತೆಯನ್ನು ಕರೆದುಕೊಂಡು ಹೋದೆ. ಬಣ್ಣ ನನಗೆ ಹಿಡಿಸಲಿಲ್ಲ. ಆದರೆ ಬಣ್ಣ ಹಚ್ಚುವ ನೆಪದಲ್ಲಿ ಆ ಎರಡು ಸಿನಿಮಾಗಳ ಒಂದೊಂದು ಫ್ರೇಮನ್ನೂ ಯಾರೋ ಕೂತು ನೋಡಿದ್ದಾರಲ್ಲ, ಆ ಭಾಗ್ಯ ಉಳಿದವಕ್ಕೆ ಸಿಗಲಿಲ್ಲ.

ಅತ್ತೆಗೆ ಚಿತ್ರಕ್ಕಿಂತ ಹಾಡು ಮುಖ್ಯ. ಮದುವೆಯಲ್ಲಿ ತವರಿನಿಂದ ಬಂದ ಹಾರ್ಮೋನಿಯಂ ನಡುಮನೆಯಲ್ಲಿತ್ತು, ರೇಡಿಯೋದಲ್ಲಿ ಬಂದ ಹಾಡನ್ನು ಅದೇ ಶ್ರುತಿಗೆ ನುಡಿಸುವುದು ಅವರ ಹಳೆಯ ಅಭ್ಯಾಸ. ಒಂದು ಸಂಜೆ ಡಿಸ್ಕಿನಲ್ಲಿ ಪಿ.ಬಿ. ಶ್ರೀನಿವಾಸ್ ಹಾಡು ಶುರುವಾಯಿತು. ಅತ್ತೆ ಎದ್ದು ಹಾರ್ಮೋನಿಯಂ ಎಳೆದುಕೊಂಡು ಕೂತರು. ತಿದಿ ಒತ್ತಿ ತಮಗೆ ಗೊತ್ತಿದ್ದ ಮನೆ ಹಿಡಿದರು. ಕೂಡಲಿಲ್ಲ. ಅರ್ಧ ಮನೆ ಮೇಲೆ ಹಿಡಿದರು. ಅದಕ್ಕೂ ಕೂರಲಿಲ್ಲ.

“ಇದೇನೇ ಇದು, ಇಲ್ಲೂ ಇಲ್ಲ ಅಲ್ಲೂ ಇಲ್ಲ. ಪಿಬಿಎಸ್ಸಿಗೆ ಏನು ಅವಸರ? ಬಸ್ಸು ಹಿಡೀಬೇಕಾ?”

ಅತ್ತೆಯ ಕಿವಿ ಹಿಡಿದದ್ದಕ್ಕೆ ಕಾರಣ ಸಿಕ್ಕಿದ್ದು ವಿಡಿಯೋ ಎಡಿಟಿಂಗ್ ಮಾಡುವ ಗೆಳೆಯನೊಬ್ಬನಿಂದ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮು, ನಮ್ಮ ದೇಶದ ಪಾಲ್ ಪದ್ಧತಿಯ ಟೀವಿ ಓಡುವುದು 25. ಸುಲಭದ ದಾರಿಯಲ್ಲಿ ಇಳಿಸಿದರೆ ಇಡೀ ಸಿನಿಮಾ ನೂರಕ್ಕೆ ನಾಲ್ಕರಷ್ಟು ಬೇಗ ಓಡುತ್ತದೆ. ದನಿಯೂ ಅಷ್ಟೇ ಏರುತ್ತದೆ: ಅರ್ಧ ಮನೆಗಿಂತ ತುಸು ಕಡಿಮೆ. ಆದ್ದರಿಂದಲೇ ಹಾರ್ಮೋನಿಯಮ್ಮಿನ ಯಾವ ಮನೆಗೂ ಅದು ಕೂರದೆ ಎರಡರ ಸಂದಿಯಲ್ಲಿ ಸಿಕ್ಕಿಕೊಂಡದ್ದು. ಎಲ್ಲ ಡಿಸ್ಕುಗಳೂ ಹೀಗಿರಲಿಲ್ಲ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಮಾಡಿದವುಗಳಲ್ಲಿ ಶ್ರುತಿ ಸರಿಯಿರುತ್ತಿತ್ತು. ಅಲ್ಲಿಂದ ಮುಂದೆ ಸರ್ಟಿಫಿಕೇಟಿನ ಲೆಕ್ಕಕ್ಕೆ ಇನ್ನೊಂದು ಸಾಲು ಸೇರಿತು. ಆ ಕಾಣೆಯಾದ 17 ನಿಮಿಷದಲ್ಲಿ ಆರೂವರೆ ನಿಮಿಷ ವೇಗದ ಲೆಕ್ಕ, ಉಳಿದ ಹತ್ತೂವರೆ ಕತ್ತರಿಯ ಮತ್ತು ಸವೆತದ ಲೆಕ್ಕ. ಅಂಕಣದಲ್ಲಿ ‘ಶ್ರುತಿ’ ಎಂದೇ ಒಂದು ಸಾಲು ಹಾಕತೊಡಗಿದೆ. ಓದುಗರಲ್ಲಿ ಸಂಗೀತದ ಮೇಷ್ಟ್ರುಗಳು ಎಷ್ಟು ಜನರಿದ್ದಾರೆ ಎಂದು ಗೊತ್ತಾದದ್ದು ಆಗಲೇ. ಅವರ ಕಾರ್ಡುಗಳಲ್ಲಿ ಕಪ್ಪು ಪಟ್ಟಿಯ ದೂರು ಇರುತ್ತಿರಲಿಲ್ಲ.

2007ರ ಹೊತ್ತಿಗೆ ಆಟದ ನಿಯಮವೇ ಬದಲಾಯಿತು. ಖಾಲಿ ಡಿಸ್ಕು ತಯಾರಿಸುತ್ತಿದ್ದ ಮೋಸರ್ ಬೇರ್ ಸಿನಿಮಾ ಹಕ್ಕುಗಳನ್ನು ಸಗಟಾಗಿ ಕೊಂಡು ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಎಂದು ಇಳಿಸಿತು. ದಿನಸಿ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಸಿನಿಮಾ ಸಿಗತೊಡಗಿದವು. ಹಾಲಿನ ಜೊತೆಗೆ ಒಂದು ಡಿವಿಡಿ. ಅದುವರೆಗೆ ‘ತಗೋಬಹುದಾ ಬೇಡವಾ’ ಎಂಬ ನನ್ನ ಪ್ರಶ್ನೆಗೆ ಒಂದು ತೂಕವಿತ್ತು. ಮಸಾಲೆ ದೋಸೆ ಕಾಫಿಯ ದುಡ್ಡಿಗೆ ಸಿನಿಮಾ ಬರುವಾಗ ಬೇಡ ಎಂದರೆ ಯಾರು ಕೇಳುತ್ತಾರೆ?

ಅಗ್ಗದ ಹಿಂದೆಯೇ ‘ಒಂದರಲ್ಲಿ ಮೂರು’ ಬಂತು. ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ. ಡಿವಿಡಿಯ ಹೊಟ್ಟೆ 4.7 ಜಿಬಿ. ಎರಡೂವರೆ ಗಂಟೆಯ ಒಂದು ಸಿನಿಮಾ ಹಾಕಿದರೆ ಪ್ರತಿ ಸೆಕೆಂಡಿಗೆ ನಾಲ್ಕು ಮೆಗಾಬಿಟ್ಟಿಗೂ ಮೇಲೆ ಸಿಗುತ್ತದೆ. ಮೂರು ತುರುಕಿದರೆ ಒಂದೂವರೆಯೂ ಸಿಗುವುದಿಲ್ಲ, ಅಂದರೆ ಹೆಸರಿಗೆ ಡಿವಿಡಿ, ತಿರುಳು ವಿಸಿಡಿ. ಮಾತುಕತೆಯ ದೃಶ್ಯದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಈ ತಂತ್ರ ಜಾಗ ಉಳಿಸುವುದು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾದದ್ದನ್ನು ಮಾತ್ರ ಬರೆದಿಟ್ಟುಕೊಂಡು. ಇಬ್ಬರು ಕೂತು ಮಾತಾಡಿದರೆ ಬದಲಾಗುವುದು ತುಟಿ, ಕೈ ಅಷ್ಟೇ. ಮಳೆ ಬಂದರೆ ಪರದೆಯ ಪ್ರತಿ ಚುಕ್ಕಿಯೂ ಪ್ರತಿ ಕ್ಷಣ ಬದಲಾಗುತ್ತದೆ. ತುರುಕಿದ ಡಿಸ್ಕಿಗೆ ಅಷ್ಟು ಬರೆಯಲು ಜಾಗ ಎಲ್ಲಿ? ಮಳೆ ಕರಗಿ ಚೌಕಚೌಕದ ಬೂದಿ ಬಣ್ಣದ ಹಂಚಾಗುತ್ತದೆ.

ವಿಧಿಯ ತಮಾಷೆ ನೋಡಿ, ಆ ಕಾಲಕ್ಕೆ ಕನ್ನಡ ನಾಡನ್ನೇ ಹುಚ್ಚೆಬ್ಬಿಸಿದ ಸಿನಿಮಾ ಶುರುವಿನಿಂದ ಕೊನೆಯವರೆಗೂ ಮಳೆಯಲ್ಲೇ ನೆನೆದದ್ದು. 2006ರ ಡಿಸೆಂಬರ್ 29ರಂದು ಬಿಡುಗಡೆಯಾದ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿತು. ಅಷ್ಟು ಕಾಯುವವರು ಯಾರು? ಫುಟ್‌ಪಾತಿನಲ್ಲಿ ಕಳ್ಳ ಡಿಸ್ಕು ಸಿಗುತ್ತಿತ್ತು. ಕಳ್ಳ ಡಿಸ್ಕಿನ ಬಗ್ಗೆ ಒಂದಕ್ಷರ ಬರೆಯಕೂಡದು ಎಂದು ಪುರವಣಿಯಲ್ಲಿ ಕಟ್ಟಪ್ಪಣೆ ಇತ್ತು, ಹಾಗಾಗಿ ಬರೆಯಲಿಲ್ಲ. ಸಹೋದ್ಯೋಗಿಯ ಮನೆಯಲ್ಲಿ ನೋಡಿದ್ದು ಮಾತ್ರ ನೆನಪಿದೆ. ಯಾರೋ ಥಿಯೇಟರಿನಲ್ಲಿ ಕೂತು ಕ್ಯಾಮೆರಾದಲ್ಲಿ ಹಿಡಿದದ್ದು. ಜೋಗದ ದೃಶ್ಯ ಬಂದಾಗ ನೀರೂ ಇಲ್ಲ, ಮಳೆಯೂ ಇಲ್ಲ, ಬರೀ ಚೌಕಗಳು ಕುದಿಯುತ್ತಿದ್ದವು. ಆದರೆ ಶಿಳ್ಳೆ ಸ್ಪಷ್ಟವಾಗಿ ಕೇಳುತ್ತಿತ್ತು. ಗಣೇಶ್ ಮಾತಾಡುವ ಮೊದಲೇ ಆ ಮಾತನ್ನು ಹೇಳಿಬಿಡುವ ಒಬ್ಬ ಹುಡುಗನ ದನಿ, ಯಾರದೋ ಮಗುವಿನ ಅಳು, ಎದ್ದು ಹೋಗುವವರ ತಲೆ. ಯಾವ ಕಂಪನಿಯ ಡಿಸ್ಕಿನಲ್ಲೂ ಆ ಸಭೆ ದಾಖಲಾಗಿಲ್ಲ. ಕಳ್ಳತನ ಕಳ್ಳತನವೇ, ಆ ಶಿಳ್ಳೆ ಮಾತ್ರ ನನಗೆ ಇಷ್ಟವಾಯಿತು.

ಇನ್ನೊಂದು ಬಗೆಯ ಓಡಿದ ಸಿನಿಮಾ ಇತ್ತು, ಮನೆಗೆ ಬರಲೇ ಒಪ್ಪದ್ದು. ಉಪೇಂದ್ರ ನಿರ್ದೇಶಿಸಿದ 1995ರ ‘ಓಂ’ ಯಾವಾಗ ಸಿಗುತ್ತದೆ ಎಂದು ಕೇಳದ ವಾರವಿರಲಿಲ್ಲ. ಯಾವುದಾದರೂ ಊರಿನ ಯಾವುದಾದರೂ ಥಿಯೇಟರಿನಲ್ಲಿ ಅದು ಮತ್ತೆ ಮತ್ತೆ ಹತ್ತುತ್ತಲೇ ಇತ್ತು. ದುಡಿಯುತ್ತಿರುವ ಎತ್ತನ್ನು ಯಾರು ಮಾರುತ್ತಾರೆ? ಟೀವಿಗೆ ಅದು ಬಂದದ್ದೇ 2015ರಲ್ಲಿ, ನನ್ನ ಅಂಕಣ ನಿಂತು ಎಷ್ಟೋ ಕಾಲವಾದ ಮೇಲೆ.

ಅಂಕಣ ನಿಂತ ಬಗೆ ಹೇಳುವಂಥದ್ದೇನಲ್ಲ. ಪುರವಣಿಯ ಪುಟ ಕಡಿಮೆಯಾದವು, ಅಂಗಡಿಗಳಲ್ಲಿ ಡಿಸ್ಕಿನ ಜಾಗಕ್ಕೆ ಮೊಬೈಲ್ ಕವರು ಬಂದವು. ಹೊಸ ಸಿನಿಮಾ ಟೀವಿಗೇ ಬೇಗ ಬರತೊಡಗಿತು. ಬ್ಲೂ ರೇ ಕನ್ನಡದ ಮಟ್ಟಿಗೆ ಬಂದೂ ಬರದಂತೆ ಇತ್ತು.

ಈಗ ಬಹಳಷ್ಟು ಹಳೆಯ ಸಿನಿಮಾ ಯೂಟ್ಯೂಬಿನಲ್ಲಿದೆ, ಪುಕ್ಕಟೆ. ‘ಎಚ್‌ಡಿ’ ಎಂದು ಮೂಲೆಯಲ್ಲಿ ಬರೆದಿರುತ್ತಾರೆ. ಕೂತು ನೋಡಿದರೆ ಅರಸೀಕೆರೆಯವರು ತೋರಿಸಿದ ಅದೇ ಕುಪ್ಪಳಿಕೆ, ಅದೇ ಹಾಡಿನ ಅದೇ ಸಾಲು ಮಾಯ. ಹೂಕುಂಡವೂ ಅಲ್ಲೇ ಇದೆ. ಎಷ್ಟೋ ಸಿನಿಮಾಗಳ ಮಟ್ಟಿಗೆ ಹೇಳಬಲ್ಲೆ: ಇದು ಆ ಕಾಲದ ಟೇಪಿನದೇ ಮರಿ, ಚಿತ್ರವನ್ನು ಎಳೆದು ದೊಡ್ಡದು ಮಾಡಿದ್ದಾರೆ ಅಷ್ಟೇ. ಹಳೆಯ ಟೀವಿಯ ಚೌಕವನ್ನು ಈಗಿನ ಅಗಲ ಟೀವಿಗೆ ತುಂಬಲು ಕೆಲವರು ಮೇಲೆ ಕೆಳಗೆ ಕತ್ತರಿಸಿದ್ದಾರೆ. ಆಗ ಕಿವಿ ಹೋಗಿತ್ತು, ಈಗ ನೆತ್ತಿ ಮತ್ತು ಪಾದ. 2018ರಲ್ಲಿ ‘ನಾಗರಹಾವು’ ಹೊಸದಾಗಿ ಸಿನಿಮಾಸ್ಕೋಪ್ ಆಗಿ, 7.1 ಶಬ್ದದಲ್ಲಿ ಥಿಯೇಟರಿಗೆ ಬಂದಾಗಲೂ ನನ್ನ ಕಣ್ಣು ಚಿತ್ರದುರ್ಗದ ಕೋಟೆಯ ತುದಿಯನ್ನೇ ಹುಡುಕುತ್ತಿತ್ತು. ಚಿತ್ರ ಶುಭ್ರವಾಗಿತ್ತು, ಅದು ಸುಳ್ಳಲ್ಲ. ಆದರೆ 1972ರಲ್ಲಿ ಪುಟ್ಟಣ್ಣ ಕಣಗಾಲ್ ಅಗಲಕ್ಕೆಂದು ಚೌಕಟ್ಟು ಕಟ್ಟಿರಲಿಲ್ಲ. ಅಗಲ ಮಾಡಬೇಕಾದರೆ ಎತ್ತರದಿಂದಲೇ ಕಳೆಯಬೇಕು.

2024ರಲ್ಲಿ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ರೂಪದಲ್ಲಿ ತೋರಿಸಲ್ಪಟ್ಟಿತು. ಮಾರ್ಟಿನ್ ಸ್ಕಾರ್ಸೆಸೆ ಅವರ ಫಿಲ್ಮ್ ಫೌಂಡೇಷನ್ನು, ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಷನ್ನು ಸೇರಿ, ಪುಣೆಯ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಮಾಡಿದ ಕೆಲಸ. 1977ರ ಕಪ್ಪುಬಿಳುಪಿನ ಆ ಸಿನಿಮಾಗೆ ಸ್ವರ್ಣಕಮಲ ಬಂದಿತ್ತು. ಪ್ರಶಸ್ತಿ ಬಂದವನ್ನು ಕಾಪಾಡುವ ಕೈಗಳಿದ್ದವು. ಅದೇ ವರ್ಷಗಳಲ್ಲಿ ಊರೂರು ಸುತ್ತಿ ಜನರನ್ನು ಅಳಿಸಿ ನಗಿಸಿದ ಸಿನಿಮಾಗಳನ್ನು ಮಾತ್ರ, ಇವು ಎಲ್ಲಿ ಹೋಗುತ್ತವೆ, ಎಲ್ಲರ ಬಳಿಯೂ ಇದ್ದಾವಲ್ಲ ಎಂದು ಯಾರೂ ತೆಗೆದಿಡಲಿಲ್ಲ. ಇತ್ತೀಚಿನವು ಪುಣ್ಯವಂತವು. 1998ರ ‘ಎ’, 2002ರ ‘ಅಪ್ಪು’, 2010ರ ‘ಜಾಕಿ’ ಮತ್ತೆ ಥಿಯೇಟರಿಗೆ ಬಂದು ಶಿಳ್ಳೆ ಹೊಡೆಸಿಕೊಂಡವು. ಮೂವತ್ತು ನಲವತ್ತು ವರ್ಷ ಹಿಂದಕ್ಕೆ ಹೋದರೆ ‘ನೆಗೆಟಿವ್ ಎಲ್ಲಿದೆ’ ಎಂಬ ಪ್ರಶ್ನೆಗೆ ಗಾಂಧಿನಗರದಲ್ಲಿ ಉತ್ತರವಾಗಿ ಸಿಗುವುದು, ಮದ್ರಾಸಿನಲ್ಲಿ ಮುಚ್ಚಿಹೋದ ಯಾವುದೋ ಲ್ಯಾಬಿನ ಹೆಸರು.

ಹೋದ ವರ್ಷ ಒಬ್ಬರು ಫೋನು ಮಾಡಿದರು. ತಂದೆ ಎಪ್ಪತ್ತರ ದಶಕದಲ್ಲಿ ಒಂದು ದೊಡ್ಡ ಹಿಟ್ ಸಿನಿಮಾ ತೆಗೆದವರು. ಮನೆಯಲ್ಲಿದ್ದ ಟೇಪಿಗೆ ಬೂಷ್ಟು ಹಿಡಿದಿದೆ, ಯೂಟ್ಯೂಬಿನಲ್ಲಿ ಇರುವುದು ಕತ್ತರಿಸಿದ್ದು. ಮೂರು ತಟ್ಟೆಯ ವಿಸಿಡಿ ಒಂದು ಬಂದಿತ್ತಂತೆ, ನೀವು ಆಗ ಅದರ ಬಗ್ಗೆ ಬರೆದಿದ್ದಿರಂತೆ, ಇದೆಯಾ ಎಂದು ಕೇಳಿದರು. ಇತ್ತು. ಅಂಕಣದಲ್ಲಿ ನಾನು ಅದಕ್ಕೆ ‘ಬೇಡ’ ಎಂದು ಬರೆದಿದ್ದೆ. ಬಣ್ಣ ಪೂರ್ತಿ ಕೆಂಪಗಾಗಿತ್ತು, ಶ್ರುತಿ ಏರಿತ್ತು. ಈಗ ಕೊಳ್ಳುವುದಿದ್ದರೂ ‘ಬೇಡ’ ಎಂದೇ ಬರೆಯುತ್ತೇನೆ. ಆದರೆ ಮೀಟರಿನ ಲೆಕ್ಕಕ್ಕೆ ಅತಿ ಹತ್ತಿರ ಬಂದಿದ್ದುದು ಅದೊಂದೇ.

ಮಾರನೇ ದಿನವೇ ಹುಡುಗನನ್ನು ಕಳಿಸಿದರು. ಕಾಗದದಲ್ಲಿ ಸುತ್ತಿ ಕೊಡುವಾಗ ಹೇಳಿದೆ: ಎರಡನೇ ತಟ್ಟೆಯಲ್ಲಿ ಮದುವೆ ಮಂಟಪ ಬರುವ ಕಡೆ ಗೀರಿದೆ, ಚಿತ್ರ ನಿಂತುಹೋಗುತ್ತದೆ. ಬೇರೆ ಬೇರೆ ಪ್ಲೇಯರಿನಲ್ಲಿ ಹಾಕಿ ನೋಡಿ, ಹಳೆಯ ಪ್ಲೇಯರೇ ಆದರೆ ಓದುತ್ತದೆ. ಅವನು ಮೊಬೈಲಿನಲ್ಲಿ ಬರೆದುಕೊಂಡು, ಹಳೆಯ ಪ್ಲೇಯರು ಎಲ್ಲಿ ಸಿಗುತ್ತದೆ ಆಂಟಿ ಎಂದು ಕೇಳಿದ. ಎಸ್.ಪಿ. ರೋಡಿನಲ್ಲಿ ವಿಚಾರಿಸು ಎಂದೆ.